ಇಂದಿನ ಚಿಂತನೆ: ‘ಎಲ್ಲರದ್ದೂ ತಪ್ಪು’ ಎಂದರೆ ಸಾಕೆ?



ಪರಿಸರದ ಮಾತು ಬಂದಾಗಲೆಲ್ಲ ನಾವು ‘ಎಲ್ಲರದ್ದೂ ತಪ್ಪಿದೆ’ ಎನ್ನುತ್ತೇವೆ. ಕೇಳಲು ವಿನಯದ ಮಾತು. ಆದರೆ ಎಲ್ಲರ ತಪ್ಪು ಎಂದ ಕೂಡಲೇ ಅದು ಯಾರ ತಪ್ಪೂ ಅಲ್ಲದಂತಾಗುತ್ತದೆ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ವಿಶ್ವವಿದ್ಯಾಲಯದಲ್ಲಿ ಪರಿಸರ ವಿಜ್ಞಾನ ಮತ್ತು ನೀತಿ ಓದುತ್ತಿದ್ದಾಳೆ. ಪರೀಕ್ಷೆಯಲ್ಲಿ ಹಾಗೆ ಬರೆದರೆ ಅವಳಿಗೆ ಅಂಕ ಸಿಗದು. 2015ರಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹತ್ತಿತಲ್ಲ, ನಾವು ‘ಕಲಿಗಾಲ’ ಎಂದು ಸುಮ್ಮನಾದೆವು. ವಿಜ್ಞಾನ ಕಾರಣ ಹುಡುಕುತ್ತದೆ: ಶುದ್ಧೀಕರಿಸದ ಒಳಚರಂಡಿ ನೀರು, ಅದರಲ್ಲಿ ಸೇರಿದ ಸೋಪಿನ ಪುಡಿ, ಕೋಡಿಯಲ್ಲಿ ಧುಮುಕಿದಾಗ ಏಳುವ ನೊರೆ. ನೀತಿಯ ಪಾಠ ಮುಂದಿನ ಪ್ರಶ್ನೆ ಕೇಳುತ್ತದೆ: ಜಲಮಾಲಿನ್ಯ ತಡೆಯುವ ಕಾಯ್ದೆ 1974ರಲ್ಲೇ ಬಂದಿದೆ, ಹಾಗಾದರೆ ಈ ನೀರನ್ನು ಕೆರೆಗೆ ಬಿಟ್ಟವರು ಯಾರು, ತಡೆಯಬೇಕಾಗಿದ್ದವರು ಯಾರು?

ಬಟ್ಟೆ ಒಗೆಯುವ ನನ್ನ ಪಾಲೂ ಅದರಲ್ಲಿದೆ. ಆದರೆ ಸಾವಿರಾರು ಮನೆಗಳ ಕೊಳಚೆಯನ್ನು ಹಾಗೇ ಹರಿಯಬಿಟ್ಟವರ ಪಾಲು ನನ್ನದಕ್ಕೆ ಸಮವಲ್ಲ. ಯಾರ ಪಾಲು ಎಷ್ಟೆಂದು ಅಳೆಯುವುದು ದ್ವೇಷವಲ್ಲ. ಅಳೆದಾಗಲೇ ಯಾರು ಏನು ಮಾಡಬೇಕೆಂದು ತಿಳಿಯುವುದು.

ನಮ್ಮ ಬೀದಿಯ ಚರಂಡಿ ನೀರು ಎಲ್ಲಿಗೆ ಹೋಗುತ್ತದೆ? ಇಂದು ಒಮ್ಮೆ ವಿಚಾರಿಸೋಣ.

ಎಲ್ಲರಿಗೂ ಒಳಿತಾಗಲಿ.