ಶ್ರವಣವೂ ವಿವೇಕವೂ

ಪ್ರಿಯವಾದುದು ಬೇರೆ, ಹಿತವಾದುದು ಬೇರೆ ಎಂಬ ವಿಚಾರ ಬಹು ಪ್ರಾಚೀನವಾದುದು. ಕಠೋಪನಿಷತ್ತು ಇವನ್ನು ಪ್ರೇಯಸ್ಸು, ಶ್ರೇಯಸ್ಸು ಎಂದು ಹೆಸರಿಸಿ ವಿವೇಚಿಸಿದೆ. ಈ ಭೇದವನ್ನು ನಾವು ಸಾಮಾನ್ಯವಾಗಿ ಜೀವನದ ಮಹತ್ತಾದ ಸಂಗತಿಗಳಿಗೆ ಮಾತ್ರ ಅನ್ವಯಿಸುತ್ತೇವೆ. ಆದರೆ ಮನೆಗೆ ತರುವ ಒಂದು ವಸ್ತುವಿನ ಆಯ್ಕೆಯಲ್ಲಿಯೂ ಅದು ಅಡಗಿರುತ್ತದೆ. ಅಂತಹ ಒಂದು ವಸ್ತುವನ್ನು ಇಲ್ಲಿ ವಿಚಾರಕ್ಕೆ ಎತ್ತಿಕೊಳ್ಳೋಣ.

ಉನ್ನತ ಉದ್ಯೋಗಗಳಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಸಂಗೀತ ಕೇಳುವುದಕ್ಕೆಂದೇ ಮನೆಯಲ್ಲೊಂದು ಕೋಣೆಯನ್ನು ಮೀಸಲಿಟ್ಟಿರುವುದುಂಟು. ಅಲ್ಲಿ ನೆಲದ ಮೇಲೆಯೇ ನಿಲ್ಲುವ ಎತ್ತರದ ಸ್ಪೀಕರುಗಳ ಜೋಡಿಯೊಂದನ್ನು ಇಡಬೇಕೆಂಬ ಆಸೆ ಅವರದು. ಮೇಲ್ದರ್ಜೆಯವುಗಳ ಬೆಲೆ ಹಲವು ಲಕ್ಷ ರೂಪಾಯಿಗಳು. ಯಾವುದನ್ನು ಕೊಳ್ಳಬೇಕು?

ಇಂಗ್ಲೆಂಡಿನ ಎರಡು ಪ್ರಸಿದ್ಧ ಸಂಸ್ಥೆಗಳನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಕೆಇಎಫ್ 1961ರಲ್ಲಿ ಸ್ಥಾಪನೆಯಾಯಿತು. ಬವರ್ಸ್ ಅಂಡ್ ವಿಲ್ಕಿನ್ಸ್ 1966ರಲ್ಲಿ. ತಾರಸ್ವರಗಳನ್ನು ಹೊರಡಿಸುವ ಚಿಕ್ಕ ಘಟಕವನ್ನು ಮಧ್ಯಸ್ವರಗಳ ಶಂಕುವಿನ ನಡುವೆಯೇ ಕೂರಿಸುವ ವಿನ್ಯಾಸವನ್ನು ಕೆಇಎಫ್ 1988ರಲ್ಲಿ ಬಳಕೆಗೆ ತಂದಿತು. ಎರಡು ಬಗೆಯ ಸ್ವರಗಳೂ ಒಂದೇ ಬಿಂದುವಿನಿಂದ ಹೊಮ್ಮಬೇಕೆಂಬುದು ಅದರ ಉದ್ದೇಶ. ಬವರ್ಸ್ ಅಂಡ್ ವಿಲ್ಕಿನ್ಸ್ ತನ್ನ ಮೇಲ್ದರ್ಜೆಯ ಮಾದರಿಗಳಲ್ಲಿ ಅದೇ ಘಟಕವನ್ನು ಪೆಟ್ಟಿಗೆಯ ನೆತ್ತಿಯ ಮೇಲೆ ಪ್ರತ್ಯೇಕ ಕವಚದಲ್ಲಿಡುತ್ತದೆ. ಪೆಟ್ಟಿಗೆಯ ಅಂಚುಗಳು ಧ್ವನಿತರಂಗವನ್ನು ಕೆಡಿಸಬಾರದೆಂಬುದು ಇದರ ಉದ್ದೇಶ. 2005ರಿಂದ ಆ ಘಟಕದ ಗುಮ್ಮಟಕ್ಕೆ ಕೃತಕ ವಜ್ರವನ್ನೂ ಉಪಯೋಗಿಸಲಾಗುತ್ತಿದೆ. ಎರಡರ ಹಿಂದೆಯೂ ಯುಕ್ತಿಯುಂಟು, ಪರಿಶ್ರಮವುಂಟು. ಅಂಗಡಿಯಲ್ಲಿ ಕುಳಿತು ಕೇಳಿದವನಿಗೆ ಒಂದು ಹೆಚ್ಚು ಮಧುರವೆಂದೂ ಇನ್ನೊಂದು ಹೆಚ್ಚು ಸ್ಪಷ್ಟವೆಂದೂ ತೋರಬಹುದು. ಆಗ ಪ್ರಶ್ನೆ ಏಳುತ್ತದೆ: ನಮಗೆ ಬೇಕಾದುದು ಮೆಚ್ಚಿಸುವ ಸ್ಪೀಕರೋ, ಸತ್ಯವನ್ನು ನುಡಿಯುವ ಸ್ಪೀಕರೋ?

ಸ್ಪೀಕರು ಸ್ವತಃ ಗಾಯಕನಲ್ಲ. ಅದು ಗಾಯಕನ ಓಲೆಕಾರ. ಓಲೆಯನ್ನು ತಂದು ಒಪ್ಪಿಸುವುದು ಅವನ ಧರ್ಮ. ದಾರಿಯಲ್ಲಿ ಒಡೆದು ತಿದ್ದುವುದು ಅಧರ್ಮ. ಹಾಗಾದರೆ ಪ್ರಾಮಾಣಿಕನಾದ ಓಲೆಕಾರನು ನಮಗೆ ಪ್ರಿಯನಾಗುವನೆ?

ಈ ಪ್ರಶ್ನೆಗೆ ಪ್ರಯೋಗದ ಮೂಲಕ ಉತ್ತರ ಹುಡುಕಿದವರಲ್ಲಿ ಕೆನಡಾದ ವಿಜ್ಞಾನಿ ಫ್ಲಾಯ್ಡ್ ಟೂಲ್ ಅಗ್ರಗಣ್ಯರು. ಅವರು ಅಟ್ಟಾವಾದ ರಾಷ್ಟ್ರೀಯ ಸಂಶೋಧನಾ ಮಂಡಲಿಯಲ್ಲಿದ್ದಾಗ ಸ್ಪೀಕರುಗಳನ್ನು ಪರದೆಯ ಹಿಂದೆ ಮರೆಮಾಡಿ, ಧ್ವನಿಯ ಪ್ರಮಾಣವನ್ನು ಸಮಗೊಳಿಸಿ ಕೇಳುಗರಿಂದ ಅಂಕ ಕೊಡಿಸಿದರು. 1985–86ರಲ್ಲಿ ಪ್ರಕಟವಾದ ಫಲಿತಾಂಶಗಳು ಚಿಂತನಾರ್ಹವಾಗಿವೆ. ಬಹುಮಂದಿಯ ಮೆಚ್ಚುಗೆ ಮಂದ್ರದಿಂದ ತಾರದವರೆಗೆ ಏರುಪೇರಿಲ್ಲದೆ ನುಡಿಯುವ, ಪಕ್ಕಗಳಿಗೂ ಅದೇ ಸ್ವಭಾವದ ಧ್ವನಿಯನ್ನು ಬೀರುವ ಸ್ಪೀಕರುಗಳ ಕಡೆಗೇ ಒಲಿಯಿತು. 1994ರಲ್ಲಿ ಶಾನ್ ಆಲಿವ್ ಮತ್ತು ಟೂಲ್ ಇನ್ನೊಂದು ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ನಲವತ್ತು ಜನ ಕೇಳುಗರು ನಾಲ್ಕು ಸ್ಪೀಕರುಗಳನ್ನು ಒಮ್ಮೆ ಕಾಣದೆ, ಒಮ್ಮೆ ಕಂಡು ಕೇಳಿದರು. ಕಂಡು ಕೇಳಿದಾಗ ಗಾತ್ರ, ಬೆಲೆ, ಹೆಸರುಗಳು ಅವರ ತೀರ್ಪನ್ನು ಎಳೆದೊಯ್ದವು. ಸ್ಪೀಕರಿನ ಸ್ಥಾನ ಬದಲಾದಾಗ ಧ್ವನಿಯಲ್ಲಾಗುವ ನಿಜವಾದ ವ್ಯತ್ಯಾಸಕ್ಕೂ ಅವರ ಕಿವಿ ಮಂದವಾಯಿತು.

ಇದರ ತಾತ್ಪರ್ಯವೇನು? ಹೆಸರು ಮತ್ತು ಬೆಲೆಗಳಿಗೆ ತೆರೆ ಬಿದ್ದಾಗ ಪ್ರಿಯವೂ ಸತ್ಯವೂ ಬಹುಮಟ್ಟಿಗೆ ಒಂದಾದವು. ತೆರೆ ಸರಿದೊಡನೆ ಬೇರ್ಪಟ್ಟವು. ಶ್ರೇಯಸ್ಸು ಪ್ರೇಯಸ್ಸುಗಳ ಕಲಹ ಕಿವಿಯಲ್ಲಿ ಹುಟ್ಟಿದುದಲ್ಲ; ಕೇಳಿದುದರ ಮೇಲೆ ಮನಸ್ಸು ಹೊರಿಸುವ ಅಭಿಮಾನದಲ್ಲಿ ಹುಟ್ಟಿದುದು. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಅಂಧರಾಗಿದ್ದು ಅಸಂಖ್ಯ ಶಿಷ್ಯರಿಗೆ ಸ್ವರಜ್ಞಾನವನ್ನಿತ್ತರು. ನಾದದ ವಿಷಯದಲ್ಲಿ ಕಣ್ಣಿನ ಸಾಕ್ಷ್ಯ ಅನಾವಶ್ಯಕವೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಕೊಂಡವನು ನಿತ್ಯವೂ ಪರದೆ ಕಟ್ಟಿಕೊಂಡು ಕೇಳುವುದಿಲ್ಲ. ಹೆಸರಿನಿಂದ ಬರುವ ಸಂತೋಷವೂ ಸಂತೋಷವೇ ಅಲ್ಲವೆ? ಅಹುದು. ಚೆನ್ನಾದ ಮರಗೆಲಸವನ್ನು ನೋಡಿ ಹಿಗ್ಗುವುದರಲ್ಲಿ ದೋಷವಿಲ್ಲ. ಆದರೆ ಕಣ್ಣಿನ ಸುಖವನ್ನು ಕಿವಿಯ ಲೆಕ್ಕದಲ್ಲಿ ಬರೆಯಬಾರದು. ಹೆಸರಿನ ಸಂತೋಷ ಹೋಲಿಕೆಯನ್ನು ಆಶ್ರಯಿಸಿದೆ. ನೆರೆಮನೆಗೆ ಇನ್ನೂ ದೊಡ್ಡ ಜೋಡಿ ಬಂದ ದಿನವೇ ಅದು ಬಾಡುತ್ತದೆ. ತನ್ನ ಸಂತೋಷದ ಕಾರಣವನ್ನು ತಾನೇ ಅರಿಯದವನು ಎಷ್ಟು ಕೊಂಡರೂ ತೃಪ್ತನಾಗಲಾರ.

ಇನ್ನೊಂದು ಆಕ್ಷೇಪ ಇದಕ್ಕಿಂತ ಸೂಕ್ಷ್ಮವಾದುದು. ಮುದ್ರಿಕೆಯನ್ನು ಸಿದ್ಧಪಡಿಸಿದವರೂ ಯಾವುದೋ ಸ್ಪೀಕರಿನಲ್ಲಿ ಕೇಳಿಯೇ ಅದನ್ನು ಸರಿಯೆಂದು ನಿರ್ಣಯಿಸಿರುತ್ತಾರೆ. ಬವರ್ಸ್ ಅಂಡ್ ವಿಲ್ಕಿನ್ಸ್‌ನ 1979ರ 801 ಮಾದರಿಯನ್ನು ಲಂಡನ್ನಿನ ಆಬಿ ರೋಡ್ ಸ್ಟುಡಿಯೋದಲ್ಲಿ ಈ ಕಾರ್ಯಕ್ಕೆ ಬಳಸಿದರು. ಹೀಗಿರುವಾಗ ಮೂಲಸತ್ಯವೆಂಬುದು ಎಲ್ಲಿದೆ? ಇದಕ್ಕೆ ಸಮಾಧಾನವಿಷ್ಟೆ: ಪಡೆದುದನ್ನು ಕೂಡಿಸದೆ ಕಳೆಯದೆ ಮುಟ್ಟಿಸುವುದೇ ಸ್ಪೀಕರಿನ ಮಟ್ಟಿಗೆ ಸತ್ಯ. 1930ರ ದಶಕದಲ್ಲಿ ಮಲ್ಲಿಕಾರ್ಜುನ ಮನಸೂರರು ಹಾಡಿದ ಗ್ರಾಮಫೋನ್ ತಟ್ಟೆಗಳಲ್ಲಿ ಒಂದು ಬದಿಗೆ ಸುಮಾರು ಮೂರು ನಿಮಿಷದ ಅವಕಾಶವಿತ್ತು. ಆ ತಟ್ಟೆ ಹಿಡಿಯದೆ ಬಿಟ್ಟ ನಾದವನ್ನು ಯಾವ ಬೆಲೆಯ ಸ್ಪೀಕರೂ ಮರಳಿ ತರಲಾರದು.

ಇನ್ನು ಕೋಣೆಯ ವಿಚಾರ. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರು ಚಲಿಸುತ್ತದೆ. ಐದು ಮೀಟರು ಉದ್ದದ ಕೋಣೆಯಲ್ಲಿ ಸೆಕೆಂಡಿಗೆ ಸುಮಾರು 34 ಕಂಪನಗಳ ಮಂದ್ರನಾದವು ಎದುರುಬದುರು ಗೋಡೆಗಳ ನಡುವೆ ಸ್ಥಿರತರಂಗವಾಗಿ ನಿಲ್ಲುತ್ತದೆ. ಗೋಡೆಯ ಬಳಿ ಅದು ಗುಡುಗುತ್ತದೆ. ನಡುವೆ ಕುಳಿತವನಿಗೆ ಹೆಚ್ಚುಕಡಿಮೆ ಕೇಳಿಸುವುದೇ ಇಲ್ಲ. ಮಂದ್ರಸ್ವರಗಳ ಮಟ್ಟಿಗೆ ಕೋಣೆಯೇ ಅರಸು. ಚಿಕ್ಕ ಕೋಣೆಗೆ ಭಾರಿ ಸ್ಪೀಕರನ್ನು ತಂದವನು ಗದ್ದಲವನ್ನೇ ಕೊಂಡು ತಂದಂತಾಗಬಹುದು. ಕುರ್ಚಿಯನ್ನು ಅರ್ಧ ಮೀಟರು ಸರಿಸುವುದಕ್ಕೆ ಖರ್ಚಿಲ್ಲ. ಆದರೂ ಮನುಷ್ಯನು ತನ್ನ ಮನೆಯನ್ನು ಪರೀಕ್ಷಿಸುವ ಮೊದಲು ಪೇಟೆಯನ್ನು ಪರೀಕ್ಷಿಸುತ್ತಾನೆ. ತನ್ನ ಕಿವಿಯನ್ನೂ ಅವನು ಪರೀಕ್ಷಿಸಿಕೊಳ್ಳುವುದಿಲ್ಲ. ಎಳೆಯ ಕಿವಿ ಸೆಕೆಂಡಿಗೆ 20,000 ಕಂಪನಗಳವರೆಗೆ ಗ್ರಹಿಸಬಲ್ಲುದು. ಐವತ್ತು ದಾಟಿದ ಬಹುಮಂದಿಗೆ 15,000ಕ್ಕೆ ಮೇಲಿನದು ಕೇಳಿಸದು. ಕೊಳ್ಳುವ ಶಕ್ತಿ ಬರುವ ವೇಳೆಗೆ ಕೇಳುವ ಶಕ್ತಿ ಕುಂದಿರುತ್ತದೆ.

ಆದಕಾರಣ ಕೊಳ್ಳಬೇಕೆನ್ನುವವರಿಗೆ ನಮ್ಮ ಸೂಚನೆ ಇಷ್ಟು. ಮಾರುವವರು ಒಪ್ಪಿದರೆ ಎರಡು ಜೋಡಿಗಳನ್ನೂ ಸ್ವಂತ ಕೋಣೆಯಲ್ಲಿ ಇರಿಸಿಕೊಂಡು ಕೇಳಿರಿ. ತೆಳುವಾದ ಬಟ್ಟೆಯ ಪರದೆಯನ್ನು ಅಡ್ಡ ಕಟ್ಟಿ, ಬದಲಾಯಿಸುವ ಕೆಲಸವನ್ನು ಮತ್ತೊಬ್ಬರಿಗೆ ಒಪ್ಪಿಸಿರಿ. ಎರಡರ ಧ್ವನಿಯೂ ಸಮವಾಗಿರಲಿ. ಕೊಂಚ ಜೋರಾದುದೇ ಉತ್ತಮವೆಂದು ತೋರುವುದು ಕಿವಿಯ ಸಹಜ ದೌರ್ಬಲ್ಯ. ಚೆನ್ನಾಗಿ ಪರಿಚಯವಿರುವ ಕಂಠವನ್ನೇ ಕೇಳಿರಿ. ಭೇದ ಸ್ಪಷ್ಟವಾಗಿ ತಿಳಿದು, ಮನೆಯ ಇತರ ಕರ್ತವ್ಯಗಳಿಗೆ ಕೊರತೆಯಾಗದಿದ್ದರೆ, ಮೆಚ್ಚಿದುದನ್ನು ನಿಶ್ಚಿಂತೆಯಿಂದ ಕೊಳ್ಳಿರಿ. ಭೇದ ತಿಳಿಯದಿದ್ದರೆ ಕಡಿಮೆ ಬೆಲೆಯದನ್ನು ತನ್ನಿರಿ. ಉಳಿದ ಹಣದಲ್ಲಿ ಬದುಕಿರುವ ಗಾಯಕರ ಕಚೇರಿಗಳನ್ನು ಎದುರಿಗೆ ಕುಳಿತು ಕೇಳಬಹುದು.