ನನ್ನ ಜಗಲಿ, ಪರರ ಮಾತು

ಹಳೆಯ ಕಾಲದ ಮನೆಗಳಿಗೆ ಜಗಲಿ ಎಂಬುದೊಂದಿರುತ್ತಿತ್ತು. ಅದು ಮನೆಯವರಿಗೆ ಸೇರಿದ್ದು. ಆದರೆ ಅದರ ಮುಖ ಮಾತ್ರ ಬೀದಿಯ ಕಡೆಗೆ. ನಡುಮನೆಯಲ್ಲಿ ಆಡತಕ್ಕ ಮಾತನ್ನು ಅಲ್ಲಿ ಆಡುವಂತಿರಲಿಲ್ಲ. ಈ ವಿವೇಕವನ್ನು ನಮ್ಮ ಹಿರಿಯರಿಗೆ ಯಾರೂ ಪಾಠ ಹೇಳಿ ಕಲಿಸಿರಲಿಲ್ಲ. ನಾನಾದರೋ ಎಂ.ಎ. ಮಾಡಿ, ಇಪ್ಪತ್ತು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದ ಮೇಲೆ, ಸ್ವಂತ ಜಗಲಿಯೊಂದನ್ನು ಕಟ್ಟಿಕೊಂಡು, ಪೆಟ್ಟು ತಿಂದು ಇದನ್ನು ಕಲಿಯಬೇಕಾಯಿತು.

ನಾನು ಕಟ್ಟಿಕೊಂಡದ್ದು ಕಲ್ಲು ಮಣ್ಣಿನ ಜಗಲಿಯಲ್ಲ. ಈಗ ಬ್ಲಾಗ್ ಎನ್ನುತ್ತಾರಲ್ಲ, ಅದು. ಕಳೆದ ಬೇಸಗೆಯ ರಜೆಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವವನು. ನನ್ನ ಬೀರುವಿನಲ್ಲಿದ್ದ ಹಸ್ತಪ್ರತಿಗಳ ಕಟ್ಟನ್ನು ನೋಡಿ, "ಸಾರ್, ಇವನ್ನೆಲ್ಲ ಗೆದ್ದಲಿಗೆ ಯಾಕೆ ಓದಿಸ್ತೀರಿ? ಮನುಷ್ಯರೂ ಸ್ವಲ್ಪ ಓದಲಿ" ಎಂದ. ಮೆಚ್ಚುಗೆಯೋ ಹಾಸ್ಯವೋ ತಿಳಿಯಲಿಲ್ಲ; ನಾನು ಮೆಚ್ಚುಗೆಯೆಂದೇ ತೆಗೆದುಕೊಂಡೆ.

ಕೆಲಸ ಒಂದು ಮಧ್ಯಾಹ್ನದಲ್ಲಿ ಮುಗಿಯಿತು. ಮೊದಲು ಹೆಸರು ಬೇಕು. ಮನೆಗೆ ಹೆಸರಿಟ್ಟಂತೆಯೇ, ಆದರೆ ಈ ಹೆಸರನ್ನು ಯಾರೂ ನಮಗೆ ಮಾರುವುದಿಲ್ಲ, ವರ್ಷಕ್ಕಿಷ್ಟೆಂದು ಬಾಡಿಗೆಗೆ ಕೊಡುತ್ತಾರೆ. ಬಾಡಿಗೆ ಕಟ್ಟುವುದನ್ನು ಮರೆತರೆ ನಾಳೆ ಇನ್ನೊಬ್ಬರು ಆ ಹೆಸರನ್ನು ಹಿಡಿಯಬಹುದು. ಅನಂತರ ಜಾಗ ಬೇಕು. ಎಂದರೆ, ಎಲ್ಲಿಯೋ ಹಗಲಿರುಳೂ ಎಚ್ಚರವಾಗಿರುವ ಯಂತ್ರವೊಂದರಲ್ಲಿ ನಮ್ಮ ಬರಹಕ್ಕೊಂದು ಮೂಲೆ. ಅದರ ಮೇಲೆ ವರ್ಡ್‌ಪ್ರೆಸ್ ಎಂಬ ತಂತ್ರಾಂಶವನ್ನು ಕೂರಿಸಿದ. 2003ರಿಂದ ಬಳಕೆಯಲ್ಲಿರುವ ಅದಕ್ಕೆ ಕಾಸು ಕೊಡಬೇಕಾಗಿಲ್ಲವಂತೆ. ನಾನು ನುಡಿಯಲ್ಲಿ ಬೆರಳಚ್ಚು ಮಾಡಿಟ್ಟಿದ್ದ ಹಳೆಯ ಲೇಖನಗಳನ್ನು ಯೂನಿಕೋಡಿಗೆ ಪರಿವರ್ತಿಸಿದಾಗ ಕೆಲವು ಒತ್ತಕ್ಷರಗಳು ಜಾಗ ತಪ್ಪಿ ಕುಳಿತುವು. ಅವನ್ನು ನಾನು ಮೇಷ್ಟರ ಗತ್ತಿನಲ್ಲಿ ತಿದ್ದಿದೆ. ನಾಲ್ಕು ಗಂಟೆಯ ಕಾಫಿಯ ಹೊತ್ತಿಗೆ ಎಲ್ಲವೂ ಸಿದ್ಧ. "ಈಗ ಪ್ರಕಟಿಸುವ ಗುಂಡಿ ಒತ್ತಿ, ಸಾರ್" ಎಂದ. ಒತ್ತಿದೆ. ನಾನು ಪ್ರಕಾಶಕನಾದೆ!

ಈ ಸೌಕರ್ಯ ನಮಗೆ ಸುಮ್ಮನೆ ಬಂದುದಲ್ಲ. ಜಿನೀವಾದ ಬಳಿಯ ಸರ್ನ್ ಎಂಬ ಸಂಶೋಧನಾ ಸಂಸ್ಥೆಯಲ್ಲಿದ್ದ ಟಿಮ್ ಬರ್ನರ್ಸ್-ಲೀ 1989ರಲ್ಲಿ ವಿಶ್ವವ್ಯಾಪಿ ಜಾಲದ ಯೋಜನೆಯನ್ನು ಮುಂದಿಟ್ಟರು. 1993ರಲ್ಲಿ ಆ ಸಂಸ್ಥೆ ಅದರ ತಂತ್ರಾಂಶವನ್ನು ಯಾವ ಶುಲ್ಕವೂ ಇಲ್ಲದೆ ಲೋಕಕ್ಕೆ ಬಿಟ್ಟುಕೊಟ್ಟಿತು. ದಾನವಾಗಿ ಬಂದುದನ್ನು ಹೇಗೆ ಬಳಸಬೇಕೆಂಬ ಪ್ರಶ್ನೆ ಆ ದಿನ ನನ್ನನ್ನು ಕಾಡಲಿಲ್ಲ.

ಆ ದಿನ ನನಗಾದುದು ಬಿಡುಗಡೆಯ ಸಂತೋಷ. ಇಪ್ಪತ್ತರ ವಯಸ್ಸಿನಲ್ಲಿ ನಾನು ಪತ್ರಿಕೆಗಳಿಗೆ ಲೇಖನ ಕಳಿಸುವಾಗ, ಮರಳಿ ಬರುವುದಕ್ಕೆಂದು ಅಂಚೆಚೀಟಿ ಅಂಟಿಸಿದ ಲಕೋಟೆಯನ್ನೂ ಜೊತೆಗಿಡುತ್ತಿದ್ದೆ. ಆ ಲಕೋಟೆಗಳು ಬಹಳ ಪ್ರಾಮಾಣಿಕವಾಗಿ ಮರಳಿ ಬರುತ್ತಿದ್ದುವು. ಸಂಪಾದಕರನ್ನು ಮನಸ್ಸಿನಲ್ಲಿಯೇ ಶಪಿಸುತ್ತಿದ್ದೆ. ಸ್ವಂತ ಪುಸ್ತಕ ಅಚ್ಚುಹಾಕಿಸೋಣವೆಂದರೆ ಅದಕ್ಕೆ ಬೇಕಾದ ಗುಂಡಿಗೆ ಬೇರೆ. ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಮುದ್ರಣಾಲಯವನ್ನೇ ನಡೆಸಿದವರು. ತಮ್ಮ ಮಾತಿಗೆ ಅವರು ತಮ್ಮ ಬೆನ್ನನ್ನೂ ಹಣವನ್ನೂ ಒಡ್ಡಿದರು. ತಲೆಯ ಮೇಲೆ ಹೊರಬೇಕಾದ ಮಾತನ್ನು ಮನುಷ್ಯ ತೂಗಿ ನೋಡಿಯೇ ಬರೆಯುತ್ತಾನೆ. ನಾನು ಒಡ್ಡಿದ್ದು ಒಂದು ಬೆರಳ ತುದಿಯನ್ನು ಮಾತ್ರ.

ನಾಲ್ಕಾರು ಲೇಖನಗಳು ಬಂದುವು. ಹತ್ತಿಪ್ಪತ್ತು ಮಂದಿ ಓದಿದರು. ಐದನೆಯದೋ ಆರನೆಯದೋ ನನ್ನ ಸೋದರತ್ತೆಯವರನ್ನು ಕುರಿತದ್ದು. 2001ರಲ್ಲಿ ನಾನು ಎಂ.ಎ.ಗೆ ಸೇರುವಾಗ ನಮ್ಮ ಮನೆಯಲ್ಲಿ ಹಣವಿರಲಿಲ್ಲ. ಅತ್ತೆಯವರು ತಮ್ಮ ಎರಡು ಚಿನ್ನದ ಬಳೆಗಳನ್ನು ಗುಟ್ಟಾಗಿ ಗಿರವಿಯಿಟ್ಟು ನಮ್ಮ ತಂದೆಯ ಕೈಗೆ ಹಣ ಕೊಟ್ಟರು. ಬಳೆ ಬಿಡಿಸಿಕೊಳ್ಳಲು ಆಗಲಿಲ್ಲ, ಬಡ್ಡಿಯಲ್ಲಿಯೇ ಮುಳುಗಿಹೋದುವು. ಮಾವನವರಿಗೆ ಅವರು ಹೇಳಿದ್ದು, ಜಾತ್ರೆಯ ನೂಕುನುಗ್ಗಲಿನಲ್ಲಿ ಬಳೆ ಕಳೆದುಹೋಯಿತು ಎಂದು. "ಕೈಯಲ್ಲಿದ್ದ ಬಳೆ ಕಾಣದಷ್ಟು ಮೈಮರೆವೆ" ಎಂದು ಮಾವನವರು ತಮ್ಮ ಕೊನೆಯವರೆಗೂ ಆಗಾಗ ಅವರನ್ನು ಚುಚ್ಚುತ್ತಿದ್ದರು. ಅತ್ತೆ ನಕ್ಕು ಸುಮ್ಮನಾಗುತ್ತಿದ್ದರು. ನನಗೆ ನೌಕರಿ ಸಿಕ್ಕಿದ ದಿನ ನನ್ನೊಬ್ಬನಿಗೆ ನಿಜ ತಿಳಿಸಿದರು. ಯಾರಿಗೂ ಹೇಳಬೇಡ ಎನ್ನಲಿಲ್ಲ. ಹಾಗೆ ಹೇಳುವ ಅಗತ್ಯವುಂಟೆಂದು ಅವರಿಗೆ ತೋರಿರಲಿಲ್ಲ.

ಇದನ್ನು ನಾನು ಕಣ್ಣೀರಿಟ್ಟು ಬರೆದೆ. ನನ್ನ ಬರಹಗಳಲ್ಲಿ ಅಷ್ಟು ಜನ ಓದಿದ್ದು ಬೇರೊಂದಿಲ್ಲ. ಓದಿದವರು ತಮ್ಮವರಿಗೆ ಕಳಿಸಿದರು. ಅವರು ಮತ್ತಷ್ಟು ಮಂದಿಗೆ. ನಾಲ್ಕನೆಯ ದಿನ ಅದು ಅತ್ತೆಯವರ ಹಿರಿಯ ಮಗಳ ಮೊಬೈಲಿಗೆ ಬಂತು.

ಊರಿಗೆ ಹೋದಾಗ ಅತ್ತೆ ಎಂದಿನಂತೆ ಊಟ ಬಡಿಸಿದರು. ಕೈ ತೊಳೆದು ಬಂದ ಮೇಲೆ ಹೇಳಿದರು: "ಇಪ್ಪತ್ತು ವರ್ಷಕ್ಕೂ ಮೇಲೆ ನನ್ನ ಹೊಟ್ಟೆಯಲ್ಲಿ ಇಟ್ಟುಕೊಂಡದ್ದನ್ನು ನೀನು ಒಂದು ದಿನದಲ್ಲಿ ಊರಿಗೆಲ್ಲ ಹಂಚಿದೆಯಲ್ಲಪ್ಪ. ನನ್ನನ್ನು ದೊಡ್ಡವಳು ಮಾಡಿದೆ, ಸರಿ. ಅದಕ್ಕೆ ನಿನ್ನ ಮಾವನನ್ನು ಚಿಕ್ಕವರು ಮಾಡಬೇಕಾಗಿತ್ತೇ? ಅವರು ಇದ್ದಿದ್ದರೆ ಏನಾದರೂ ಹೇಳುತ್ತಿದ್ದರು."

ನನಗೆ ಉತ್ತರ ತೋಚಲಿಲ್ಲ. ನಾನು ಬರೆದುದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ನಿಂದೆಯಿರಲಿಲ್ಲ; ಇದ್ದುದೆಲ್ಲ ಹೊಗಳಿಕೆ. ಆದರೂ ಅನ್ಯಾಯವಾಗಿತ್ತು. ನಿಜವಾದ ಮಾತೂ, ಪ್ರೀತಿಯಿಂದ ಆಡಿದ ಮಾತೂ, ಅನ್ಯಾಯವಾಗಬಲ್ಲುದೆಂಬುದನ್ನು ನಾನು ಅದುವರೆಗೆ ಯೋಚಿಸಿಯೇ ಇರಲಿಲ್ಲ. ಆ ಸುಳ್ಳಿನ ಅಪವಾದವನ್ನು ಅತ್ತೆ ತಾವಾಗಿಯೇ ಆರಿಸಿಕೊಂಡು ಹೊತ್ತಿದ್ದರು. ಅದನ್ನು ಇಳಿಸಿಕೊಳ್ಳಬೇಕೋ ಬೇಡವೋ ಎಂಬ ತೀರ್ಮಾನ ಅವರದು. ನಾನು ಅವರನ್ನು ಕೇಳದೆಯೇ ಅದನ್ನು ಕಿತ್ತು, ಮಾತಾಡಲಾರದ ಸತ್ತವರೊಬ್ಬರ ತಲೆಯ ಮೇಲೆ ಇಟ್ಟಿದ್ದೆ.

ತತ್ತ್ವಶಾಸ್ತ್ರ ವಿಭಾಗದ ಮಿತ್ರರೊಬ್ಬರು ಇದನ್ನು ಕೇಳಿ ನಕ್ಕರು. "ಎಲ್ಲರ ಅಪ್ಪಣೆ ಪಡೆದೇ ಬರೆಯಬೇಕೆಂದರೆ ಆತ್ಮಕಥೆ ಎಂಬ ಪ್ರಕಾರವೇ ಇರುವುದಿಲ್ಲ. ಸಿದ್ಧಲಿಂಗಯ್ಯನವರ 'ಊರುಕೇರಿ'ಯನ್ನೋ ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ'ವನ್ನೋ ಯಾರ ಒಪ್ಪಿಗೆ ಕೇಳಿ ಬರೆಯಬೇಕಾಗಿತ್ತು?" ಎಂದರು. ಮಾತು ಸರಿಯಾಗಿದೆ. ನೋಯಿಸಿದವನ ಅನುಮತಿ ಪಡೆದು ನೊಂದವನು ಮಾತಾಡಬೇಕೆಂದರೆ ಅದು ಧರ್ಮವಲ್ಲ, ದಬ್ಬಾಳಿಕೆ. ಎಷ್ಟೋ ಮನೆಗಳ ಮಾನ ಉಳಿದಿರುವುದು ಆ ಮನೆಯ ದುರ್ಬಲರ ಬಾಯಿ ಕಟ್ಟಿರುವುದರಿಂದಲೇ. ಆದರೆ ನನ್ನ ಸ್ಥಿತಿ ಅದಲ್ಲವಲ್ಲ! ನನಗಾದ ನೋವನ್ನು ಹೇಳುವ ಹಕ್ಕು ನನ್ನದು. ನನಗಾಗಿ ಇನ್ನೊಬ್ಬರು ಸಹಿಸಿದ ನೋವನ್ನು ಹೇಳುವ ಹಕ್ಕು ನನ್ನೊಬ್ಬನದಲ್ಲ. ಮೊದಲನೆಯದು ನನ್ನ ಗಾಯ; ಎರಡನೆಯದು ನನ್ನ ಸಾಲ. ಕೊಟ್ಟವರನ್ನು ಕೇಳದೆ ಸಾಲದ ಪತ್ರವನ್ನು ಬೀದಿಯಲ್ಲಿ ಓದಿದರೆ ಸಾಲ ತೀರಿದಂತಾಗುವುದಿಲ್ಲ.

ಇಲ್ಲಿ ನನಗೆ ಹಳೆಯ ಸಂಪಾದಕರ ನೆನಪಾಯಿತು. ಒಮ್ಮೆ ನನ್ನ ಪ್ರಬಂಧವೊಂದರಲ್ಲಿ ನೆರೆಮನೆಯವರ ವಿಚಾರವಿದ್ದ ಇಡೀ ಪರಿಚ್ಛೇದವನ್ನು ಅವರೊಬ್ಬರು ಹೊಡೆದುಹಾಕಿ, ಉಳಿದುದನ್ನು ಪ್ರಕಟಿಸಿದ್ದರು. ನನಗೆ ಸಿಟ್ಟು ಬಂದಿತ್ತು. ಅವರು ಉಳಿಸಿದ್ದು ಪತ್ರಿಕೆಯ ಜಾಗವನ್ನಷ್ಟೇ ಅಲ್ಲ, ನನ್ನ ನೆರೆಯನ್ನೂ ಎಂದು ಈಗ ತಿಳಿಯುತ್ತದೆ. ಬರೆಯುವವನಿಗೂ ಅಚ್ಚಿಗೂ ನಡುವೆ ನಿಂತವನನ್ನು ನಾವು ಕಾವಲುಗಾರನೆಂದು ದೂರುತ್ತೇವೆ. ಅವನು ಎಷ್ಟೋ ಸಲ ಅನ್ಯಾಯವಾಗಿ ತಡೆದಿದ್ದಾನೆ, ನಿಜ. ಬಾಗಿಲು ತೆರೆದದ್ದು ಒಳ್ಳೆಯದೇ ಆಯಿತು. ಆದರೆ ಕಾವಲುಗಾರ ಹೋದರೆ ಕಾವಲಿನ ಕೆಲಸ ಹೋಗುವುದಿಲ್ಲ. ಅದು ಮನೆಯವನ ಪಾಲಿಗೆ ಬರುತ್ತದೆ.

ಬರಹವನ್ನು ಅಳಿಸಲು ನಿರ್ಧರಿಸಿದೆ. ಅದಕ್ಕೂ ಒಂದು ಗುಂಡಿ ಇದೆ. ಆದರೆ ಶಿಷ್ಯ ಹೇಳಿದ: "ಅಳಿಸಬಹುದು ಸಾರ್, ಆದರೆ ಬೇರೆಯವರ ಫೋನುಗಳಲ್ಲಿ ಹೋಗಿ ಕೂತಿರೋದನ್ನ ಏನು ಮಾಡೋಕಾಗತ್ತೆ?" ಜಾಲದ ಪುಟಗಳ ಪ್ರತಿಗಳನ್ನು 1996ರಿಂದಲೂ ಕೂಡಿಡುತ್ತ ಬಂದಿರುವ ಇಂಟರ್ನೆಟ್ ಆರ್ಕೈವ್ ಎಂಬ ಸಂಸ್ಥೆಯ ವಿಷಯವನ್ನೂ ತಿಳಿಸಿದ. ಇನ್ನೊಂದು ಕಡೆ, ಜನ ತಮ್ಮ ಕೈಯಾರೆ ಮಾಡಿಟ್ಟಿದ್ದ ಲಕ್ಷಾಂತರ ಪುಟಗಳಿದ್ದ ಜಿಯೋಸಿಟೀಸ್ ಎಂಬ ತಾಣವನ್ನು 2009ರಲ್ಲಿ ಅದರ ಒಡೆಯರು ಮುಚ್ಚಿಬಿಟ್ಟರಂತೆ. ವಿಚಿತ್ರವಲ್ಲವೆ? ಉಳಿಯಲೆಂದು ಬರೆದದ್ದು ಉಳಿಯುವ ಭರವಸೆಯಿಲ್ಲ. ಅಳಿಯಲೆಂದು ತೆಗೆದದ್ದು ಅಳಿಯುವ ಭರವಸೆಯೂ ಇಲ್ಲ. ಆಡಿದ ಮಾತು ಒಡೆದ ಮುತ್ತು ಎಂಬ ನಮ್ಮ ಗಾದೆ ಕಂಪ್ಯೂಟರನ್ನು ಕಾಣದೆಯೇ ಇದನ್ನು ಹೇಳಿತ್ತು.

ಅಳಿಸುವುದರಲ್ಲಿ ಇನ್ನೊಂದು ಅಪಾಯವೂ ಇದೆ. ಅಚ್ಚಾದ ಪುಸ್ತಕ ಲೇಖಕನ ವಿರುದ್ಧ ಸಾಕ್ಷಿ ಹೇಳುತ್ತ ಕಪಾಟಿನಲ್ಲಿ ನಿಂತಿರುತ್ತದೆ. ತಪ್ಪಿದ್ದರೆ ಒಪ್ಪೋಲೆ ಸೇರಿಸಬೇಕು. ನನ್ನ ಪುಟದಲ್ಲಾದರೋ ನಿನ್ನೆಯ ತಪ್ಪನ್ನು ರಾತ್ರೋರಾತ್ರಿ ತಿದ್ದಿ, ಬೆಳಗ್ಗೆ ಏನೂ ಆಗಿಲ್ಲವೆಂಬಂತೆ ಕುಳಿತುಕೊಳ್ಳಬಹುದು. ಅದು ತಪ್ಪನ್ನು ತಿದ್ದಿದಂತಲ್ಲ, ಬಚ್ಚಿಟ್ಟಂತೆ. ಆದುದರಿಂದ ಬರಹವನ್ನು ತೆಗೆದು ಆ ಜಾಗದಲ್ಲಿ ಎರಡು ಸಾಲು ಬರೆದೆ: ಇಲ್ಲೊಂದು ಲೇಖನವಿತ್ತು, ಅದು ನಾನೊಬ್ಬನೇ ಹೇಳಬಹುದಾದ ಸಂಗತಿಯಾಗಿರಲಿಲ್ಲವಾದ್ದರಿಂದ ಹಿಂತೆಗೆದುಕೊಂಡಿದ್ದೇನೆ.

ಬ್ಲಾಗನ್ನು ಮುಚ್ಚಲಿಲ್ಲ. ಜಗಲಿಯಲ್ಲಿ ಕುಳಿತು ತಪ್ಪು ಮಾತಾಡಿದೆನೆಂದು ಜಗಲಿಯನ್ನು ಕೆಡಹುವವರುಂಟೆ? ಈಗ ಗುಂಡಿಯನ್ನು ಒತ್ತುವ ಮುನ್ನ, ಈ ಮಾತು ಯಾರನ್ನು ಕುರಿತದ್ದೋ ಅವರು ಎದುರಿನಲ್ಲಿ ಕುಳಿತಿದ್ದಾರೆಂದು ಭಾವಿಸಿ ಒಮ್ಮೆ ಗಟ್ಟಿಯಾಗಿ ಓದಿಕೊಳ್ಳುತ್ತೇನೆ. ಸತ್ತವರಾದರೆ ಎರಡು ಸಲ.

ಹಾಗಾದರೆ ಅದೇ ಕಥೆಯನ್ನು ಇಲ್ಲಿ ಮತ್ತೆ ಹೇಳಿದೆಯಲ್ಲ ಎಂದು ಓದುಗರು ಕೇಳಬಹುದು, ಕೇಳಬೇಕು. ಈ ಲೇಖನವನ್ನು ಕಳಿಸುವ ಮೊದಲು ಊರಿಗೆ ಹೋಗಿ ಅತ್ತೆಯವರಿಗೆ ಪೂರ್ತಿಯಾಗಿ ಓದಿ ಹೇಳಿದೆ. ಅವರ ಮಗಳೂ ಪಕ್ಕದಲ್ಲಿದ್ದಳು. ಅತ್ತೆ ಅಕ್ಕಿ ಆರಿಸುತ್ತ ಕೇಳಿದರು. ಊರಿನ ಹೆಸರನ್ನು ತೆಗೆಸಿದರು. ಒಂದು ವಾಕ್ಯವನ್ನು ಹೊಡೆಸಿದರು. ಅದು ನಾನು ಬಹಳ ಮೆಚ್ಚಿಕೊಂಡಿದ್ದ ವಾಕ್ಯ. ಕೊನೆಗೆ, "ನಿನ್ನ ಮಾವನದು ಒಂದು ಒಳ್ಳೆಯ ಮಾತು ಸೇರಿಸು, ಹಾಗಾದರೆ ಕಳಿಸು" ಎಂದರು.

ಸೇರಿಸುತ್ತಿದ್ದೇನೆ. ನಾನು ಎಂ.ಎ.ಗೆ ಸೇರಿದ ದಿನ ನನ್ನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದವರು ಮಾವನವರು. ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಬೇಕಾಗಿದ್ದ ಪ್ರಾಥಮಿಕ ಶಾಲೆಯ ಮೇಷ್ಟರು. ಅಂದು ಮಳೆ. ಪೇಟೆಯಲ್ಲಿ ನನಗೊಂದು ಹೊಸ ಕೊಡೆ ಕೊಡಿಸಿ, ತಾವು ಟವೆಲನ್ನು ತಲೆಯ ಮೇಲೆ ಹಾಕಿಕೊಂಡು ಬಸ್ ನಿಲ್ದಾಣಕ್ಕೆ ಹಿಂದಿರುಗಿದರು. ಇದನ್ನು ನನ್ನ ಮೊದಲ ಲೇಖನದಲ್ಲಿ ಬರೆದಿರಲಿಲ್ಲ. ಮರೆತಿದ್ದೆನೆಂದಲ್ಲ, ಬರೆದಿದ್ದರೆ ಕಥೆಯ ಕಳೆ ಸ್ವಲ್ಪ ಕಡಮೆಯಾಗುತ್ತಿತ್ತು, ಅಷ್ಟೆ.