ದಯೆಯಲ್ಲ, ಬಾಕಿ ಲೆಕ್ಕ

ಖಾತೆಯಿಂದ ಬ್ಯಾಂಕು ಐನೂರು ರೂಪಾಯಿ ಮುರಿದುಕೊಂಡಿದೆ, ಅದು ನ್ಯಾಯವಲ್ಲ ಅನ್ನುವುದೂ ಗೊತ್ತಿದೆ. ಆದರೂ ನಮ್ಮಲ್ಲಿ ಹೆಚ್ಚಿನವರು ‘ಹೋಗಲಿ ಬಿಡಿ’ ಎಂದು ಸುಮ್ಮನಾಗುತ್ತಾರೆ. ಸೋಮಾರಿತನ ಇದಕ್ಕೊಂದು ಕಾರಣ. ಗ್ರಾಹಕ ಸೇವೆಯ ನಂಬರಿಗೆ ಕರೆ ಮಾಡಿ, ಕನ್ನಡಕ್ಕೆ ಇಷ್ಟು ಒತ್ತಿ, ಇಂಗ್ಲಿಷಿಗೆ ಅಷ್ಟು ಒತ್ತಿ, ಹಾಡು ಕೇಳುತ್ತಾ ಕೂರುವ ಪುರಸೊತ್ತು ಯಾರಿಗಿದೆ? ಅದನ್ನು ಬದಿಗಿಡೋಣ. ಇನ್ನೊಂದು ಕಾರಣ ಮರ್ಯಾದಸ್ಥವಾದದ್ದು, ಹಾಗಾಗಿಯೇ ವಿಚಾರಿಸಿ ನೋಡಬೇಕಾದದ್ದು. ಸಣ್ಣ ದುಡ್ಡಿಗೆ ಜಗಳಕ್ಕೆ ನಿಲ್ಲುವುದು ಲೋಭ, ಸಹಿಸಿಕೊಳ್ಳುವುದು ಕ್ಷಮೆ, ಕಳೆದದ್ದಕ್ಕೆ ಮರುಗದಿರುವುದು ವೈರಾಗ್ಯ ಎಂಬ ಸಂಸ್ಕಾರ ನಮ್ಮೊಳಗೆ ಆಳವಾಗಿ ಇಳಿದಿದೆ. ಬ್ಯಾಂಕಿನ ಅನ್ಯಾಯದ ಶುಲ್ಕವನ್ನು ಸುಮ್ಮನೆ ಸಹಿಸುವುದು ನಿಜಕ್ಕೂ ಈ ಗುಣಗಳ ಸಾಲಿಗೆ ಸೇರುತ್ತದೆಯೇ? ಸೇರುವುದಿಲ್ಲ ಎಂಬುದು ನನ್ನ ವಾದ. ಅಷ್ಟೇ ಅಲ್ಲ, ತಕರಾರು ಮಾಡಿದ ಮೇಲೆ ಬ್ಯಾಂಕು ‘ಈ ಸಲಕ್ಕೆ ಬಿಟ್ಟಿದ್ದೇವೆ’ ಎಂದು ದೊಡ್ಡ ಮನಸ್ಸು ತೋರಿಸಿ ಹಣ ಮರಳಿಸಿದರೂ ಅಲ್ಲಿಗೆ ಧರ್ಮದ ಲೆಕ್ಕ ಚುಕ್ತಾ ಆಗುವುದಿಲ್ಲ.

ಮೊದಲು ಅನ್ಯಾಯ ಎಲ್ಲಿದೆ ಎಂದು ತೋರಿಸಬೇಕು; ಶುಲ್ಕ ಹಾಕುವುದೆಲ್ಲ ಅನ್ಯಾಯವಲ್ಲ. ಈ ವ್ಯವಹಾರ ಅತ್ಯಂತ ನಿಚ್ಚಳವಾಗಿ ಕಾಣುವುದು ಅಮೆರಿಕದ ಓವರ್‌ಡ್ರಾಫ್ಟ್ ಶುಲ್ಕದಲ್ಲಿ. ಖಾತೆಯಲ್ಲಿ ಹಣ ಸಾಲದಿದ್ದರೂ ಬ್ಯಾಂಕು ಪಾವತಿಯನ್ನು ನಡೆಯಗೊಟ್ಟು, ಪ್ರತಿ ಸಲಕ್ಕೂ ಬಹುಕಾಲ 35 ಡಾಲರಿನಷ್ಟು ವಸೂಲು ಮಾಡುತ್ತಿತ್ತು. ಒಬ್ಬರ ಖಾತೆಯಲ್ಲಿ 100 ಡಾಲರ್ ಇದೆ ಎಂದುಕೊಳ್ಳಿ. ಬೆಳಿಗ್ಗೆ 10, ಮಧ್ಯಾಹ್ನ 15, ಸಂಜೆ 20, ರಾತ್ರಿ 90 ಡಾಲರ್ ಖರ್ಚಾಯಿತು. ಖರ್ಚು ಮಾಡಿದ ಕ್ರಮದಲ್ಲೇ ಲೆಕ್ಕ ಬರೆದರೆ ಕೊನೆಯದೊಂದೇ ಮೀರುತ್ತದೆ: ಒಂದು ಶುಲ್ಕ, 35 ಡಾಲರ್. ಅದೇ ನಾಲ್ಕು ಖರ್ಚನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ ಬರೆದರೆ 90 ಡಾಲರ್ ಮೊದಲು ಹೋಗಿ, ಉಳಿದ 10ರ ಮೇಲೆ ಮೂರು ಸಣ್ಣ ಖರ್ಚುಗಳು ಒಂದೊಂದಾಗಿ ಬೀಳುತ್ತವೆ: ಮೂರು ಶುಲ್ಕ, 105 ಡಾಲರ್. ಗ್ರಾಹಕ ಮಾಡಿದ್ದು ಅದೇ, ಖರ್ಚಾದದ್ದು ಅಷ್ಟೇ. ಬದಲಾದದ್ದು ಗುಮಾಸ್ತನ ಜಾಗದಲ್ಲಿ ಕುಳಿತ ಕಂಪ್ಯೂಟರಿನ ಜೋಡಣೆ ಮಾತ್ರ. ಇದು ಊಹೆಯ ಮಾತಲ್ಲ. 2010ರಲ್ಲಿ ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಧೀಶ ವಿಲಿಯಂ ಆಲ್ಸಪ್ ಅವರು ವೆಲ್ಸ್ ಫಾರ್ಗೊ ಬ್ಯಾಂಕು ಇಂಥ ಜೋಡಣೆಯಿಂದ ಗ್ರಾಹಕರಿಂದ ವಸೂಲು ಮಾಡಿದ್ದಕ್ಕೆ 203 ಮಿಲಿಯನ್ ಡಾಲರ್ ಮರಳಿಸಬೇಕೆಂದು ತೀರ್ಪಿತ್ತರು. ಮರುವರ್ಷ ಬ್ಯಾಂಕ್ ಆಫ್ ಅಮೆರಿಕ ಇಂಥದೇ ದಾವೆಯಲ್ಲಿ 410 ಮಿಲಿಯನ್ ಡಾಲರಿಗೆ ರಾಜಿಯಾಯಿತು.

ಈ ಜೋಡಣೆಯ ಚಮತ್ಕಾರಕ್ಕೆ ಜೈನ ನೀತಿಶಾಸ್ತ್ರದಲ್ಲಿ ಸಿದ್ಧವಾದ ಜಾಗವಿದೆ. ತತ್ತ್ವಾರ್ಥಸೂತ್ರವು ಕದಿಯಬಾರದೆಂಬ ಅಸ್ತೇಯ ವ್ರತಕ್ಕೆ ಬರುವ ಐದು ಅತಿಚಾರಗಳನ್ನು, ಅಂದರೆ ಲೋಪಗಳನ್ನು, ಹೇಳುವಾಗ ಕಳ್ಳನಿಗೆ ಕುಮ್ಮಕ್ಕು ಕೊಡುವುದು, ಕದ್ದ ಮಾಲು ಕೊಳ್ಳುವುದು ಇವುಗಳ ಜೊತೆಯಲ್ಲೇ ಹೆಚ್ಚು ಕಡಿಮೆ ಅಳತೆಯನ್ನೂ ಸೇರಿಸುತ್ತದೆ: ಕೊಳ್ಳುವಾಗ ದೊಡ್ಡ ಕೊಳಗ, ಮಾರುವಾಗ ಚಿಕ್ಕ ಕೊಳಗ. ಸೂತ್ರಕಾರನ ಸೂಕ್ಷ್ಮ ಇಲ್ಲಿ ಮೆಚ್ಚುವಂಥದ್ದು. ಅಂಗಡಿಗೆ ಬಂದವನು ತಾನಾಗಿಯೇ ಬಂದಿದ್ದಾನೆ, ಬೆಲೆ ಒಪ್ಪಿದ್ದಾನೆ, ಹಣವನ್ನು ಕೈಯಾರೆ ಕೊಟ್ಟಿದ್ದಾನೆ. ಆದರೂ ಅದು ಕಳವಿನ ಪಕ್ಕದ ಮನೆ. ಏಕೆಂದರೆ ಅಳತೆ ಇಬ್ಬರಿಗೂ ಸೇರಿದ್ದು, ಅದನ್ನು ಒಬ್ಬನು ತನ್ನ ಕಡೆಗೆ ತಿರುಚುವಂತಿಲ್ಲ. ವ್ಯಾಪಾರವನ್ನೇ ವೃತ್ತಿಯಾಗಿ ನಂಬಿದ ಸಮುದಾಯ ಹೀಗೊಂದು ಗೆರೆ ಎಳೆದುಕೊಂಡಿತು ಎಂಬುದಕ್ಕೆ ಬೆಲೆಯಿದೆ. ಲಾಭದ ಗಂಧಗಾಳಿ ಇಲ್ಲದ ಸನ್ಯಾಸಿಗಳಿಗೆ ಹೇಳಿದ ನೀತಿ ಇದಲ್ಲ. ಅಂಗಡಿ ನಡೆಸುವ ಗೃಹಸ್ಥನಿಗೆ ಹೇಳಿದ್ದು.

ಇನ್ನು ಪ್ರಮಾಣದ ಪ್ರಶ್ನೆ. ಅಮೆರಿಕದ ಗ್ರಾಹಕ ಹಣಕಾಸು ರಕ್ಷಣಾ ಸಂಸ್ಥೆ 2014ರಲ್ಲಿ ಕಂಡುಕೊಂಡ ಪ್ರಕಾರ, ಡೆಬಿಟ್ ಕಾರ್ಡಿನ ಓವರ್‌ಡ್ರಾಫ್ಟ್ ಶುಲ್ಕಗಳಲ್ಲಿ ಹೆಚ್ಚಿನವು ಬಿದ್ದದ್ದು 24 ಡಾಲರ್ ಅಥವಾ ಅದಕ್ಕಿಂತ ಕಡಿಮೆ ಮೊತ್ತದ ಖರ್ಚಿಗೆ, ಮತ್ತು ಹೆಚ್ಚಿನವರು ಮೂರೇ ದಿನದೊಳಗೆ ಆ ಹಣ ತುಂಬಿದ್ದರು. 24 ಡಾಲರಿನ ಮೂರು ದಿನದ ಕೈಗಡಕ್ಕೆ ಆಗಿನ ಮಾಮೂಲಿ ಶುಲ್ಕ 34 ಡಾಲರ್! ನಮ್ಮ ಧರ್ಮಶಾಸ್ತ್ರದ ಹಳೆಯ ನಿಯಮವೊಂದನ್ನು ಇಲ್ಲಿ ನೆನೆಯಬಹುದು: ಹಣದ ಸಾಲಕ್ಕೆ ಬಡ್ಡಿ ಎಷ್ಟೇ ಬೆಳೆದರೂ ಒಟ್ಟು ವಸೂಲಿ ಅಸಲಿನ ಇಮ್ಮಡಿಯನ್ನು ಮೀರಬಾರದು. ಮನು ಇದನ್ನು ಹೇಳುತ್ತಾನೆ. ಯಾಜ್ಞವಲ್ಕ್ಯ ಬಟ್ಟೆಗೆ ನಾಲ್ಮಡಿ, ಧಾನ್ಯಕ್ಕೆ ಮುಮ್ಮಡಿ, ಚಿನ್ನಕ್ಕೆ ಇಮ್ಮಡಿ ಎಂದು ಮಿತಿ ಹಾಕುತ್ತಾನೆ. ಯಾಜ್ಞವಲ್ಕ್ಯನ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ನಮ್ಮ ಕಲ್ಯಾಣದಲ್ಲೇ, ಆರನೇ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು. ಇದೇ ನಿಯಮ ‘ದಾಮ್‌ದುಪಟ್’ ಎಂಬ ಹೆಸರಿನಲ್ಲಿ ಬ್ರಿಟಿಷರ ಕಾಲದ ಮುಂಬೈ ಕೋರ್ಟುಗಳಲ್ಲೂ ನಡೆಯಿತು. ಇಮ್ಮಡಿಯೆಂಬ ಆ ಗಡಿಯನ್ನು ಮೂರು ದಿನದಲ್ಲಿ ದಾಟುವ ಸಾಲವನ್ನು ‘ಬಡ್ಡಿಯಲ್ಲ, ಶುಲ್ಕ’ ಎಂದು ಕರೆದ ಮಾತ್ರಕ್ಕೆ ಅದು ಬೇರೆ ಜಾತಿಯದಾಗುವುದಿಲ್ಲ. ಹಾಗೆಂದು ಸ್ಮೃತಿಗಳನ್ನು ತಲೆಯ ಮೇಲೆ ಹೊತ್ತು ಕುಣಿಯಬೇಕಿಲ್ಲ. ಅಡಮಾನವಿಲ್ಲದ ಸಾಲಕ್ಕೆ ಬ್ರಾಹ್ಮಣನಿಗೆ ತಿಂಗಳಿಗೆ ನೂರಕ್ಕೆ ಎರಡು, ಹಾಗೆಯೇ ಏರುತ್ತಾ ಶೂದ್ರನಿಗೆ ಐದು ಎಂದು ಬಡ್ಡಿ ಕಟ್ಟಿದ್ದೂ ಇದೇ ಗ್ರಂಥಗಳು. ಕೆಳಗಿದ್ದವನ ಮೇಲೆ ಹೆಚ್ಚು ಭಾರ ಎಂಬ ಆ ಶ್ರೇಣಿ ಈಗ ಜಾತಿಯ ಹೆಸರಿಲ್ಲದೆ ಮರಳಿ ಬಂದಿದೆ. ಅದೇ 2014ರ ಅಧ್ಯಯನದಲ್ಲಿ ಶುಲ್ಕದ ಸುಮಾರು ಮುಕ್ಕಾಲು ಪಾಲು ಕಟ್ಟಿದ್ದು ಖಾತೆದಾರರಲ್ಲಿ ನೂರಕ್ಕೆ ಎಂಟು ಮಂದಿ, ಅಂದರೆ ಪದೇ ಪದೇ ತಳ ಕಾಣುವ ಖಾತೆಗಳವರು.

ನಮ್ಮ ದೇಶದಲ್ಲಿ ಇದರ ಒಡಹುಟ್ಟು ಎಂದರೆ ಕನಿಷ್ಠ ಬ್ಯಾಲೆನ್ಸ್ ಇಡದ್ದಕ್ಕೆ ಹಾಕುವ ದಂಡ. ಅಲ್ಲಿ ಇಲ್ಲದ ಹಣವನ್ನು ಖರ್ಚು ಮಾಡಿದ್ದಕ್ಕೆ ಶುಲ್ಕ. ಇಲ್ಲಿ ಖರ್ಚೂ ಮಾಡಬೇಕಿಲ್ಲ, ಹಣ ಇಲ್ಲದಿದ್ದರೆ ಸಾಕು. ಸ್ಟೇಟ್ ಬ್ಯಾಂಕು 2017ರ ಏಪ್ರಿಲ್‌ನಿಂದ ನವೆಂಬರ್‌ವರೆಗೆ ಹೀಗೆ ಕೂಡಿಸಿದ್ದು 1,771 ಕೋಟಿ ರೂಪಾಯಿ. ಆ ವರ್ಷದ ಜುಲೈ–ಸೆಪ್ಟೆಂಬರ್ ತ್ರೈಮಾಸಿಕದ ನಿವ್ವಳ ಲಾಭಕ್ಕಿಂತ ಇದೇ ಹೆಚ್ಚು. ಟೀಕೆ ಬಂದ ಮೇಲೆ 2018ರಲ್ಲಿ ದಂಡ ಇಳಿಯಿತು, 2020ರಲ್ಲಿ ಪೂರ್ತಿ ಹೋಯಿತು. ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕು 2025ರ ಜೂನ್‌ನಿಂದ ಉಳಿತಾಯ ಖಾತೆಗಳಿಗೆ ಅದನ್ನು ಕೈಬಿಟ್ಟಿತು. ಅದಿಲ್ಲದೆಯೂ ಬ್ಯಾಂಕು ನಡೆಯುತ್ತದೆ ಎಂದಾಯಿತು. ರಿಸರ್ವ್ ಬ್ಯಾಂಕಿನ 2014ರ ನವೆಂಬರಿನ ಸುತ್ತೋಲೆ ಈ ವಿಷಯದಲ್ಲಿ ಆಗಲೇ ಸ್ಪಷ್ಟವಾಗಿ ಹೇಳಿತ್ತು: ಬ್ಯಾಲೆನ್ಸ್ ಇಳಿದದ್ದನ್ನು ಗ್ರಾಹಕನಿಗೆ ತಿಳಿಸಿ, ಸರಿಪಡಿಸಲು ತಿಂಗಳಿಗೆ ಕಡಿಮೆಯಿಲ್ಲದ ಕಾಲ ಕೊಡಿ, ದಂಡ ಎಷ್ಟು ಕೊರತೆಯೋ ಅಷ್ಟಕ್ಕೆ ತಕ್ಕಂತಿರಲಿ, ದಂಡ ಹಾಕಿ ಹಾಕಿಯೇ ಖಾತೆಯನ್ನು ಸೊನ್ನೆಯ ಕೆಳಗೆ ಇಳಿಸಬೇಡಿ. ಸಾಲ ತಪ್ಪಿದವರ ಮೇಲಿನ ದಂಡದ ಬಗ್ಗೆ 2023ರಲ್ಲಿ ಹೊರಟ ಇನ್ನೊಂದು ಸುತ್ತೋಲೆ, ದಂಡವಿರುವುದು ಶಿಸ್ತಿಗಾಗಿ, ಆದಾಯ ಹೆಚ್ಚಿಸಿಕೊಳ್ಳಲು ಅಲ್ಲ ಎಂಬ ತತ್ವವನ್ನೇ ಮುಂದಿಟ್ಟಿತು. ಇದು ಹಣಕಾಸಿನ ನಿಯಮವಾದರೂ ಒಳಗಿರುವುದು ದಂಡನೀತಿಯ ಹಳೆಯ ವಿವೇಕ. ದಂಡ ಹಾಕುವವನೇ ದಂಡದಿಂದ ಹೊಟ್ಟೆ ಹೊರೆಯತೊಡಗಿದರೆ, ತಪ್ಪು ಕಡಿಮೆಯಾಗಲಿ ಎಂದು ಅವನು ಬಯಸುವುದು ಹೇಗೆ?

‘ಸಹಿ ಹಾಕಿದವರು ನೀವೇ ಅಲ್ಲವೇ’ ಎಂಬುದು ಬಲವಾದ ಆಕ್ಷೇಪ. ಒಪ್ಪಂದ ಮುರಿಯುವುದೂ ಅಧರ್ಮವೇ, ತನ್ನ ಲೆಕ್ಕ ತಾನು ನೋಡಿಕೊಳ್ಳದವನು ಬ್ಯಾಂಕನ್ನು ಬೈದು ಫಲವೇನು? ಇದರಲ್ಲಿ ಅರ್ಧ ಸತ್ಯವಿದೆ. ತಿಳಿದೂ ತಿಳಿದೂ ಮಿತಿ ಮೀರಿದವನು ನ್ಯಾಯವಾದ ಶುಲ್ಕವನ್ನು ಕಟ್ಟಲೇಬೇಕು. ಅಂಥದ್ದನ್ನು ಬಾಯಿ ಜೋರು ಮಾಡಿ ಮನ್ನಾ ಮಾಡಿಸಿಕೊಳ್ಳುವುದು ಅವನ ಕಡೆಯ ಕಳ್ಳ ಅಳತೆ. ಆದರೆ ಹತ್ತಾರು ಪುಟದ ಸಣ್ಣಕ್ಷರದ ಷರತ್ತಿಗೆ ಹಾಕಿದ ಸಹಿ, ಆ ಷರತ್ತನ್ನು ಯಾರು ಹೇಗೆ ಬಳಸಿದರೂ ಸರಿ ಎಂಬ ಮುಚ್ಚಳಿಕೆಯಲ್ಲ. ಬ್ರಿಟನ್ನಿನ ಅನುಭವ ಇದಕ್ಕೆ ಒಳ್ಳೆಯ ಪರೀಕ್ಷೆ. ಅಲ್ಲಿನ ಸುಪ್ರೀಂ ಕೋರ್ಟು 2009ರಲ್ಲಿ, ಓವರ್‌ಡ್ರಾಫ್ಟ್ ಶುಲ್ಕಗಳು ಸೇವೆಯ ಬೆಲೆಯ ಭಾಗ, ಆದ್ದರಿಂದ ಮೊತ್ತ ನ್ಯಾಯವೋ ಅಲ್ಲವೋ ಎಂದು ಅನ್ಯಾಯದ ಷರತ್ತುಗಳನ್ನು ತಡೆಯುವ ಅಲ್ಲಿನ ನಿಯಮಗಳಡಿ ಅಳೆಯಲು ಬರುವುದಿಲ್ಲ ಎಂದು ಬ್ಯಾಂಕುಗಳ ಪರ ತೀರ್ಪು ಕೊಟ್ಟಿತು. ಒಪ್ಪಿಗೆಯೇ ಎಲ್ಲವೂ ಆಗಿದ್ದರೆ ಮಾತು ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. 2020ರ ಏಪ್ರಿಲ್‌ನಿಂದ ಅಲ್ಲಿನ ನಿಯಂತ್ರಕರು ಓವರ್‌ಡ್ರಾಫ್ಟಿನ ಮೇಲೆ ದಿನಕ್ಕಿಷ್ಟು ತಿಂಗಳಿಗಿಷ್ಟು ಎಂಬ ನಿಗದಿತ ಶುಲ್ಕವನ್ನೇ ತೆಗೆದುಹಾಕಿ, ಸರಳ ಬಡ್ಡಿ ದರವೊಂದೇ ಇರಬೇಕೆಂದರು. ಅಮೆರಿಕದಲ್ಲಿ ಗಾಳಿ ಬೇರೆ ಕಡೆ ಬೀಸಿತು: ದೊಡ್ಡ ಬ್ಯಾಂಕುಗಳ ಶುಲ್ಕವನ್ನು 5 ಡಾಲರಿಗೆ ಇಳಿಸುವ 2024ರ ನಿಯಮವನ್ನು ಮರುವರ್ಷವೇ ಅಲ್ಲಿನ ಸಂಸತ್ತು ರದ್ದು ಮಾಡಿತು. ಕಾನೂನು ಎರಡೂ ಕಡೆ ವಾಲಬಲ್ಲದು ಎಂದ ಮೇಲೆ, ಕಾನೂನಿನ ಒಪ್ಪಿಗೆ ನೀತಿಯ ಒಪ್ಪಿಗೆಗೆ ಬದಲಿಯಾಗಲಾರದು.

ಈಗ ಕ್ಷಮೆಯ ಮಾತಿಗೆ ಬರೋಣ. ನಿಜವಾದ ತೊಡಕು ಇಲ್ಲಿದೆ. ಕ್ಷಮಿಸುವವನು ಮೊದಲು ತಪ್ಪನ್ನು ತಪ್ಪೆಂದು ಗುರುತಿಸಬೇಕು. ‘ಇದು ತಪ್ಪು, ಆದರೂ ನಾನು ಹಗೆ ಸಾಧಿಸುವುದಿಲ್ಲ’ ಎಂಬುದು ಕ್ಷಮೆ. ತಪ್ಪಿನ ಹೆಸರೆತ್ತದೆ ನುಂಗಿಕೊಂಡರೆ ಅದು ಸಹನೆ ಇರಬಹುದು, ಭಯವೂ ಇರಬಹುದು, ಹೊರಗಿನವರಿಗೆ ಗೊತ್ತಾಗುವುದಿಲ್ಲ. ಎದುರಿಗಿರುವುದು ಮನುಷ್ಯನಾದರೆ ನಮ್ಮ ಮೌನ ಅವನ ಮನಸ್ಸನ್ನು ಎಂದಾದರೂ ಚುಚ್ಚಬಹುದು ಎಂಬ ಆಸೆಯಾದರೂ ಉಂಟು. ಶುಲ್ಕ ಮುರಿದುಕೊಳ್ಳುವ ಗಣಕವ್ಯವಸ್ಥೆಗೆ ಪಶ್ಚಾತ್ತಾಪವಿಲ್ಲ. ಅದರ ಪಾಲಿಗೆ ತಕರಾರಿಲ್ಲದ ಪ್ರತಿ ಕಡಿತವೂ ಸರಿಯಾದ ಕಡಿತ. ವೈರಾಗ್ಯದ ವಾದವೂ ಇಲ್ಲಿ ಕಾಲೂರುವುದಿಲ್ಲ. ನನ್ನದನ್ನು ಬಿಡುವ ಅಧಿಕಾರ ನನಗಿದೆ, ನೆರೆಯವನದನ್ನು ಬಿಡುವ ಅಧಿಕಾರವಿಲ್ಲ. ನನ್ನ ಐನೂರು ಹೋದದ್ದು ನನಗೆ ಲೆಕ್ಕಕ್ಕಿಲ್ಲದಿರಬಹುದು. ಆದರೆ ಅದೇ ನಿಯಮ ಪಿಂಚಣಿಯ ಹಣವೊಂದನ್ನೇ ನೆಚ್ಚಿದ ಮುದುಕಿಯ ಖಾತೆಯಲ್ಲೂ ಓಡುತ್ತಿದೆ. ಉಳ್ಳವನ ಉದಾರ ಮೌನದ ಖರ್ಚನ್ನು ಅವಳು ಭರಿಸುತ್ತಾಳೆ.

ಹಾಗಿದ್ದರೆ ಕರೆ ಮಾಡಿ ಹಣ ವಾಪಸ್ ಪಡೆದರೆ ಕರ್ತವ್ಯ ಮುಗಿಯಿತೇ? ಪಳಗಿದವರಿಗೆ ಗೊತ್ತು, ಸ್ವಲ್ಪ ಪಟ್ಟು ಹಿಡಿದರೆ, ಖಾತೆ ಮುಚ್ಚುತ್ತೇನೆ ಎಂದರೆ, ಅತ್ತಣಿಂದ ದನಿ ಮೆದುವಾಗುತ್ತದೆ: ‘ನೀವು ನಮ್ಮ ಹಳೆಯ ಗ್ರಾಹಕರು, ಇದೊಂದು ಬಾರಿ ರಿವರ್ಸ್ ಮಾಡಿಸುತ್ತೇನೆ ಸರ್.’ ಕೇಳಲು ಹಿತವಾದ ಈ ಮಾತಿನಲ್ಲಿ ಎರಡನೆಯ ಅನ್ಯಾಯ ಅಡಗಿದೆ. ಬರಬೇಕಾದ ಬಾಕಿಯನ್ನು ದಾನದ ರೂಪದಲ್ಲಿ ಕೊಟ್ಟವನು ಬಾಕಿ ಇತ್ತೆಂಬುದನ್ನೇ ಅಳಿಸಿಹಾಕುತ್ತಾನೆ, ಮೇಲಾಗಿ ಪಡೆದವನನ್ನು ಋಣಿಯನ್ನಾಗಿಸುತ್ತಾನೆ. ಬ್ರಿಟನ್ನಿನಲ್ಲಿ 2009ರ ಆ ತೀರ್ಪಿಗೆ ಮುಂಚಿನ ವರ್ಷಗಳಲ್ಲಿ ಅಸಂಖ್ಯ ಗ್ರಾಹಕರು ಪತ್ರ ಬರೆದು ಶುಲ್ಕ ಮರಳಿ ಕೇಳಿದಾಗ, ಬ್ಯಾಂಕುಗಳು ಅನೇಕರಿಗೆ ಕೊಟ್ಟದ್ದೂ ಹೀಗೆಯೇ: ಸೌಹಾರ್ದಕ್ಕಾಗಿ ಕೊಡುತ್ತಿದ್ದೇವೆ, ತಪ್ಪೊಪ್ಪಿಕೊಂಡಂತಲ್ಲ. ಕೇಳಿದವನ ಬಾಯಿ ಮುಚ್ಚಿತು, ಕೇಳದವನ ಖಾತೆಯಲ್ಲಿ ಕಡಿತ ನಡೆದೇ ಇತ್ತು. ತಕರಾರು ಮಾಡುವುದರಿಂದ ಲಾಭ ಪಡೆಯುವವರು ಮಾತು ಬಲ್ಲವರು ಮಾತ್ರ, ಇದು ಹೊಸ ಅಸಮಾನತೆ ಎಂದು ಯಾರಾದರೂ ಅಂದರೆ ಆ ಮಾತು ನಿಜ. ಅದಕ್ಕೆ ಉತ್ತರ ಸುಮ್ಮನಿರುವುದಲ್ಲ, ಕೇಳುವ ರೀತಿಯನ್ನು ಬದಲಿಸುವುದು. ‘ನನ್ನ ಹಣ ಕೊಡಿ’ ಎನ್ನುವುದರ ಜೊತೆಗೆ ‘ಯಾವ ನಿಯಮದ ಮೇಲೆ ಮುರಿದಿರಿ, ನನಗೆ ಯಾವಾಗ ತಿಳಿಸಿದಿರಿ, ಕೊರತೆ ಎಷ್ಟಿತ್ತು, ದಂಡ ಎಷ್ಟಾಯಿತು, ಬರವಣಿಗೆಯಲ್ಲಿ ಹೇಳಿ’ ಎಂದು ಕೇಳಬೇಕು. ಕಾರಣ ಕೇಳಿದಾಗ ತಕರಾರು ಒಬ್ಬನ ಸ್ವತ್ತಾಗಿ ಉಳಿಯುವುದಿಲ್ಲ. ಕೊಟ್ಟ ಕಾರಣ ಅಂಥ ಎಲ್ಲ ಖಾತೆಗಳಿಗೂ ಅನ್ವಯಿಸುತ್ತದೆ.

ಫೋನಿನ ಆ ತುದಿಯಲ್ಲಿರುವವರ ಪ್ರಶ್ನೆಯೊಂದು ಬಾಕಿಯಿದೆ, ಅಹಿಂಸೆಯನ್ನು ನಂಬಿದವರು ಅದನ್ನು ಬಿಟ್ಟು ಹೋಗುವಂತಿಲ್ಲ. ಬೆಂಗಳೂರಿನ ಯಾವುದೋ ಮಹಡಿಯಲ್ಲಿ ಹೆಡ್‌ಸೆಟ್ ಹಾಕಿಕೊಂಡು ಕುಳಿತ ಹುಡುಗ ಶುಲ್ಕ ನಿಗದಿ ಮಾಡಿದವನಲ್ಲ. ಅವನಿಗೆ ಮನ್ನಾ ಮಾಡಲು ಇಷ್ಟೇ ಎಂಬ ಮಿತಿ ಇದೆ, ಕರೆ ಇಷ್ಟೇ ನಿಮಿಷದಲ್ಲಿ ಮುಗಿಯಬೇಕೆಂಬ ಲೆಕ್ಕವಿದೆ. ಅವನ ಮೇಲೆ ಕೂಗಾಡಿದರೆ ಅನ್ಯಾಯ ಮಾಡಿದವರಿಗೆ ಕೇಳಿಸುವುದೂ ಇಲ್ಲ. ಅವನನ್ನು ನೋಯಿಸದೆ ದೂರಿನ ಸಂಖ್ಯೆ ಪಡೆದು, ಅವನಿಗಿಂತ ಮೇಲಿನವರಿಗೆ ಬರೆಯುವುದು ಕಷ್ಟದ್ದೇನಲ್ಲ. ಬ್ಯಾಂಕು ಮೂವತ್ತು ದಿನದೊಳಗೆ ಉತ್ತರಿಸದಿದ್ದರೆ, ಅಥವಾ ಉತ್ತರ ಒಪ್ಪುವಂತಿಲ್ಲದಿದ್ದರೆ, 2021ರ ನವೆಂಬರಿನಲ್ಲಿ ಶುರುವಾದ ರಿಸರ್ವ್ ಬ್ಯಾಂಕಿನ ಸಮಗ್ರ ಓಂಬುಡ್ಸ್‌ಮನ್ ಯೋಜನೆಯಡಿ ಶುಲ್ಕವಿಲ್ಲದೆ ದೂರು ಕೊಡಬಹುದು, ವಕೀಲರೂ ಬೇಡ. ಅಲ್ಲಿಗೆ ಹೋದ ದೂರು ಕಾಗದದ ಮೇಲೆ ಉಳಿಯುತ್ತದೆ. ಈ ನಡುವೆ ಬ್ಯಾಂಕು ಐನೂರನ್ನು ಸೌಹಾರ್ದವೆಂದು ಖಾತೆಗೆ ಹಾಕಿಬಿಟ್ಟರೆ ತೆಗೆದುಕೊಳ್ಳಲು ಸಂಕೋಚ ಬೇಕಿಲ್ಲ, ಅದು ಖಾತೆದಾರನದೇ ಹಣ. ಕಾರಣ ಕೇಳಿ ಬರೆದ ಪತ್ರವನ್ನು ಮಾತ್ರ ವಾಪಸ್ ತೆಗೆದುಕೊಳ್ಳಬಾರದು.